ಒಂಟಿಯಾಗಿ ಸಾಗದ ನಂಬಿಕೆ

"ದೇವರು ಎಲ್ಲಾ ಕಡೆ ಅದಾನ ಅಂತೀರಿ, ಮತ್ತ ಪ್ರತಿ ಭಾನುವಾರ ಚರ್ಚಿಗೆ ಯಾಕ ಹೋಗ್ತೀರಿ? ಮನಸ್ಸು ಶುದ್ಧ ಇದ್ರ ಮನ್ಯಾಗ ಪ್ರಾರ್ಥನಾ ಮಾಡಿದ್ರ ಸಾಲದೇನು?" ಗಂಗಾವತಿಯಲ್ಲಿ ಈ ಪ್ರಶ್ನೆಯನ್ನು ನಾನು ಕೇಳುತ್ತಲೇ ಬಂದಿದ್ದೇನೆ. ಕೇಳುವವರಲ್ಲಿ ಹಗೆಯಿಲ್ಲ. ಈಚೆಗೆ ಕ್ರೈಸ್ತ ಮನೆಗಳ ಹುಡುಗರೂ ಇದನ್ನೇ ಹೇಳತೊಡಗಿದ್ದಾರೆ. 2020ರ ಲಾಕ್‌ಡೌನಿನಲ್ಲಿ ರೂಢಿಯಾದ ಮೊಬೈಲ್ ಆರಾಧನೆಯೇ ಅವರಿಗೆ ಸಾಕೆನಿಸಿದೆ. ಈ ಮಾತು ಕೇಳಲು ಹಿತ, ಆದರೆ ತಪ್ಪು.

ದೇವರು ಚರ್ಚಿನ ನಾಲ್ಕು ಗೋಡೆಯೊಳಗೆ ಮಾತ್ರ ಸಿಗುತ್ತಾನೆಂದು ಯಾವ ಕ್ರೈಸ್ತನೂ ನಂಬುವುದಿಲ್ಲ. ಚರ್ಚಿಗೆ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ ಪದ ಎಕ್ಲೆಸಿಯ. ಕರೆಗೆ ಓಗೊಟ್ಟು ಕೂಡಿದ ಜನ ಎಂದು ಅದರ ಅರ್ಥ. ಕನ್ನಡ ಬೈಬಲ್ ಅದನ್ನು 'ಸಭೆ' ಎಂದಿತು. ನಮ್ಮ ಪಕ್ಕದ ಬಳ್ಳಾರಿಗೆ 1810ರಲ್ಲಿ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಆ ಪುಸ್ತಕದಲ್ಲಿ ಯೇಸು ಕಲಿಸಿದ ಪ್ರಾರ್ಥನೆಯನ್ನೇ ನೋಡಿ. ಅದರಲ್ಲಿ 'ನನ್ನ' ಎಂಬ ಪದವಿಲ್ಲ. ತಂದೆಯೂ ರೊಟ್ಟಿಯೂ ತಪ್ಪುಗಳೂ ಎಲ್ಲವೂ 'ನಮ್ಮ'. ಒಬ್ಬರ ಭಾರವನ್ನೊಬ್ಬರು ಹೊರಿ, ಒಬ್ಬರನ್ನೊಬ್ಬರು ಕ್ಷಮಿಸಿ ಎಂಬ ಅಪ್ಪಣೆಗಳನ್ನು ಕೋಣೆಯಲ್ಲಿ ಒಬ್ಬನೇ ಕೂತು ಪಾಲಿಸುವುದು ಹೇಗೆ?

ಒಂದು ಮಳೆಗಾಲದ ಭಾನುವಾರ ನೆನಪಾಗುತ್ತದೆ. ಗಂಗಾವತಿ ಹತ್ತಿರದ ಒಂದು ಕ್ಯಾಂಪಿನ ಚರ್ಚು. ತಗಡಿನ ಮಾಡು, ನೆಲಕ್ಕೆ ಜಮಖಾನೆ, ಬಾಗಿಲಲ್ಲಿ ಕೆಸರು ಮೆತ್ತಿದ ಚಪ್ಪಲಿಗಳು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಿದ್ದರು, ಭತ್ತದ ನಾಟಿ ಭರದಿಂದ ನಡೆದಿತ್ತು. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಮೊಮ್ಮಕ್ಕಳು ಊರಿನವರ ಜೊತೆ ಕೂತು ಕನ್ನಡದಲ್ಲೊಂದು, ತೆಲುಗಿನಲ್ಲೊಂದು ಹಾಡು ಹಾಡಿದರು. ಆರಾಧನೆ ಮುಗಿಯುತ್ತಿದ್ದಂತೆ ಒಬ್ಬಾಕೆ ಗೋಡೆ ಪಕ್ಕದ ಜಾಗ ನೋಡಿ, "ಅಜ್ಜಿ ಯಾಕ ಬಂದಿಲ್ಲವಾ?" ಅಂದಳು. ಯಾರಿಗೂ ಗೊತ್ತಿರಲಿಲ್ಲ. ಐದಾರು ಹೆಂಗಸರು ಸೀದಾ ಅಜ್ಜಿಯ ಮನೆಗೆ ನಡೆದರು. ಎರಡು ದಿನದಿಂದ ಜ್ವರ, ಒಲೆಯೇ ಹೊತ್ತಿರಲಿಲ್ಲ. ಒಬ್ಬಳು ಗಂಜಿಗಿಟ್ಟಳು, ಇನ್ನೊಬ್ಬಳು ಅಜ್ಜಿಯ ಮಗನಿಗೆ ಫೋನ್ ಹಚ್ಚಿದಳು, ಮತ್ತೊಬ್ಬಳು ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಪ್ರಾರ್ಥನೆ ಆಮೇಲೆ ಆಯಿತು. ಮೊಬೈಲ್ ಆರಾಧನೆಯಲ್ಲಿ ಎಷ್ಟು ಜನ ನೋಡಿದರೆಂದು ತಿಳಿಯುತ್ತದೆ. ಅಜ್ಜಿ ಬಂದಿಲ್ಲವೆಂದು ತಿಳಿಯುವುದಿಲ್ಲ.

ದೇಹವನ್ನೇ ಗುಡಿಯೆಂದ ಬಸವಣ್ಣನನ್ನು ತೋರಿಸಿ ವಾದಿಸುವವರಿದ್ದಾರೆ. ಅದೇ ಬಸವಣ್ಣ ಕಲ್ಯಾಣದಲ್ಲಿ ಶರಣರನ್ನು ಕೂಡಿಸಿದ, ಅವರ ಸಂಗಕ್ಕೆ ಹಂಬಲಿಸಿದ. ದಾಸೋಹ ಒಬ್ಬನಿಂದ ಆಗುವ ಕೆಲಸವೇ? ಕಲ್ಲಿನ ಗುಡಿ ಬೇಡವೆನ್ನುವುದು ಬೇರೆ, ಜನರೇ ಬೇಡವೆನ್ನುವುದು ಬೇರೆ. ನಂಬಿಕೆಯನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುವುದೂ ಕೂಡಿದ ಜನರೇ. ಕುಷ್ಟಗಿಯಾಚೆಯ ಮುದಗಲ್ಲಿನಲ್ಲಿ ಕಥೋಲಿಕರು ಆದಿಲ್‌ಶಾಹಿ ಕಾಲದಿಂದ ಇದ್ದಾರೆ. ಆ ಅರಸೊತ್ತಿಗೆ ಅಳಿಯಿತು, ನಿಜಾಮನ ಆಳ್ವಿಕೆ 1948ರಲ್ಲಿ ಮುಗಿಯಿತು, ಅವರ ಸಭೆ ಉಳಿದಿದೆ. ತಾತನ ಮನಸ್ಸಿನಲ್ಲೇ ಅಡಗಿದ್ದ ನಂಬಿಕೆ ಮೊಮ್ಮಗನಿಗೆ ದಾಟುವುದಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಹಾಡಿದರೆ ದಾಟುತ್ತದೆ.

ಚರ್ಚಿಗೆ ಹೋಗುವವರು ಏನೋ ಲಾಭಕ್ಕಾಗಿ ಹೋಗುತ್ತಾರೆ ಎನ್ನುವವರೂ ಇದ್ದಾರೆ. ಆ ಮಾತಿಗೆ ಹೆಚ್ಚು ಹೇಳಬೇಕಿಲ್ಲ. ನಾಟಿಯ ದಿನಗಳಲ್ಲಿ ಭಾನುವಾರ ಸಭೆಗೆ ಬರುವ ಕೂಲಿಯವಳು ಆ ದಿನದ ಪಗಾರ ಬಿಟ್ಟು ಬರುತ್ತಾಳೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ, ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ.

ನಮ್ಮ ಸಭೆಗಳಲ್ಲಿ ಕೊರತೆಯಿಲ್ಲವೆಂದು ನಾನು ಹೇಳಲಾರೆ. ಮದುವೆ ಸಂಬಂಧ ನೋಡುವಾಗ ಜಾತಿ ಕೇಳುವ ಕ್ರೈಸ್ತರಿದ್ದಾರೆ. ಇದು ಸಂಕಟದ ವಿಷಯ. ಆದರೆ ಇಂಥ ಕೊರತೆ ಹೊಸತಲ್ಲ. ಹೊಸ ಒಡಂಬಡಿಕೆಯ ಕಾಲದಲ್ಲಿ ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು, ಇಲ್ಲದವರು ಹಸಿದು ಕೂತಿದ್ದಾಗ, ಅದು ಕರ್ತನ ಭೋಜನವೇ ಅಲ್ಲವೆಂದು ಅಪೊಸ್ತಲ ಪೌಲ ಖಂಡಿಸಿ ಬರೆದ. ಕೂಡುವುದನ್ನೇ ಬಿಟ್ಟುಬಿಡಿ ಎಂದು ಮಾತ್ರ ಬರೆಯಲಿಲ್ಲ. ಒಬ್ಬರಿಗೊಬ್ಬರು ಕಾದು ಉಣ್ಣಿರಿ ಎಂದ. ಮನೆಯಲ್ಲೇ ಉಳಿದವನಿಗೆ ಈ ಬೈಗುಳವೂ ಇಲ್ಲ, ತಿದ್ದಿಕೊಳ್ಳುವ ದಾರಿಯೂ ಇಲ್ಲ.

ಮೊಬೈಲ್ ಸಾಕೆನ್ನುವ ನಮ್ಮ ಹುಡುಗರಲ್ಲಿ ಒಂದು ಕೋರಿಕೆ. ಈ ಭಾನುವಾರ ಬನ್ನಿ. ಪ್ರಸಂಗ ಬೇಸರವಾದರೂ ಕೂತಿರಿ. ಮುಗಿದ ಮೇಲೆ ಗೋಡೆ ಪಕ್ಕ ಖಾಲಿ ಇರುವ ಜಾಗ ಯಾರದೆಂದು ಕೇಳಿ, ಅವರ ಮನೆಗೆ ಹೋಗಿ ಬನ್ನಿ.