ದೆವ್ವಕ್ಕೂ ಒಂದು ದೂರಿರಬೇಕು

ಹತ್ತು ವರ್ಷದ ಮಕ್ಕಳ ಕೈಗೆ ದೆವ್ವದ ಕಥೆ ಕೊಡಬಹುದೇ ಎಂದು ಅನುಮಾನಿಸುವ ತಂದೆತಾಯಂದಿರು ಬಹಳ. ಕೊಡಬಹುದು, ಧಾರಾಳವಾಗಿ ಕೊಡಬೇಕು. ಆದರೆ ಕೊಡುವ ಮೊದಲು ಒಂದು ವಿಷಯ ನೋಡಿಕೊಳ್ಳಿ: ಆ ಕಥೆಯ ದೆವ್ವಕ್ಕೆ ಏನು ಬೇಕಾಗಿದೆ? ಹೆದರಿಸಲೆಂದೇ ಬಂದ ದೆವ್ವ ಪುಸ್ತಕ ಮುಚ್ಚಿದೊಡನೆ ಮರೆತುಹೋಗುತ್ತದೆ. ತನ್ನದೇ ಆಸೆ, ಹಟ, ಸಂಕಟ ಇರುವ ದೆವ್ವ ಓದಿದವರ ಜೊತೆ ವರ್ಷಗಟ್ಟಲೆ ಉಳಿಯುತ್ತದೆ. 8ರಿಂದ 12ರ ವಯಸ್ಸಿನವರಿಗಾಗಿ ಬರೆದ ದೆವ್ವದ ಕಥೆಗಳನ್ನು ನಾನು ಅಳೆಯುವುದು ಈ ಕೋಲಿನಿಂದಲೇ. ಈ ಅಳತೆಗೆ ಪೂರಾ ನಿಲ್ಲುವ ಪುಸ್ತಕವೆಂದರೆ ಪೆನೆಲೋಪಿ ಲೈವ್ಲಿ ಬರೆದ ‘ದಿ ಘೋಸ್ಟ್ ಆಫ್ ಥಾಮಸ್ ಕೆಂಪ್’. 1973ರ ಈ ಕಾದಂಬರಿಗೆ ಬ್ರಿಟನ್ನಿನ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ಕಾರ್ನೆಗಿ ಪದಕ ಸಂದಿತು. ಮುಂದೆ 1987ರಲ್ಲಿ ದೊಡ್ಡವರಿಗಾಗಿ ಬರೆದ ‘ಮೂನ್ ಟೈಗರ್’ಗೆ ಬುಕರ್ ಪಡೆದವರೂ ಇದೇ ಲೇಖಕಿ.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್ ಸೀಮೆಯ ಲೆಡ್‌ಶಮ್ ಎಂಬ ಊರು. ಹಳೆಯ ಮನೆಯೊಂದರ ಅಟ್ಟವನ್ನು ರಿಪೇರಿ ಮಾಡುವಾಗ ಕೆಲಸದವರ ಕೈಯಲ್ಲಿ ಗೋಡೆಯೊಳಗಿದ್ದ ಬಾಟಲಿಯೊಂದು ಒಡೆಯುತ್ತದೆ. ಆ ಮನೆಗೆ ವಾಸಕ್ಕೆ ಬರುವ ಹುಡುಗ ಜೇಮ್ಸ್ ಹ್ಯಾರಿಸನ್. ಬಾಟಲಿಯಲ್ಲಿ ಬಂದಿಯಾಗಿದ್ದದ್ದು ಹದಿನೇಳನೇ ಶತಮಾನದ ಮಂತ್ರವಾದಿ ಥಾಮಸ್ ಕೆಂಪ್. ಮದ್ದು ಕೊಡುವುದು, ಶಾಸ್ತ್ರ ಹೇಳುವುದು, ಮಾಟಗಾತಿಯರನ್ನು ಪತ್ತೆಹಚ್ಚುವುದು ಅವನ ಕಸುಬು. ಬಿಡುಗಡೆಯಾದವನೇ ಅಂಗಡಿ ಮತ್ತೆ ತೆರೆಯಲು ಹೊರಡುತ್ತಾನೆ, ಜೇಮ್ಸ್‌ನನ್ನು ತನ್ನ ಶಿಷ್ಯನೆಂದು ತಾನೇ ತೀರ್ಮಾನಿಸುತ್ತಾನೆ. ಊರಿನ ಡಾಕ್ಟರು ಅವನ ಕಣ್ಣಿಗೆ ಎದುರಾಳಿ. ಎದುರುಮನೆಯ ವೃದ್ಧೆ ಮಿಸೆಸ್ ವೆರಿಟಿ ಮಾಟಗಾತಿ. ಕಾಲ ಬದಲಾಗಿದೆ ಎಂಬುದನ್ನು ಒಪ್ಪದ ಮುದುಕನ ಸಿಟ್ಟು ಅವನದು. ನಮ್ಮ ಊರುಗಳಲ್ಲೂ ಇಂಥ ಮುದುಕರನ್ನು ಕಂಡಿದ್ದೇವೆ, ಅವರು ಬದುಕಿರುತ್ತಾರೆ ಎಂಬುದಷ್ಟೇ ವ್ಯತ್ಯಾಸ.

ಕೆಂಪ್ ಕಣ್ಣಿಗೆ ಕಾಣಿಸಿಕೊಳ್ಳುವುದಿಲ್ಲ, ಬರೆಯುತ್ತಾನೆ. ಹಳೆಯ ಕಾಲದ ಕಾಗುಣಿತದಲ್ಲಿ ಅಪ್ಪಣೆ, ಜಾಹೀರಾತು, ಬೈಗುಳ ಅಲ್ಲಲ್ಲಿ ಪ್ರತ್ಯಕ್ಷವಾಗುತ್ತವೆ. ಸಾಮಾನುಗಳು ಎಗರಿ ಬೀಳುತ್ತವೆ. ಎಲ್ಲದಕ್ಕೂ ಬೈಸಿಕೊಳ್ಳುವವನು ಜೇಮ್ಸ್. ಲೈವ್ಲಿ ಅವರ ಪ್ರತಿಭೆ ಕಾಣುವುದು ಇಲ್ಲೇ. ದೆವ್ವ ತನ್ನನ್ನು ಏನು ಮಾಡಿಬಿಡುತ್ತದೋ ಎನ್ನುವುದಕ್ಕಿಂತ, ತಾನು ಮಾಡದ ತಪ್ಪಿಗೆ ಅಪ್ಪ ಅಮ್ಮ ತನ್ನನ್ನೇ ಅನುಮಾನಿಸುತ್ತಾರಲ್ಲ ಎನ್ನುವುದು ಹುಡುಗನನ್ನು ಹೆಚ್ಚು ಕಾಡುತ್ತದೆ. ನಿಜ ಹೇಳಿದರೆ ನಂಬುವವರಿಲ್ಲ, ಸುಳ್ಳು ಹೇಳಲು ಮನಸ್ಸಿಲ್ಲ. ಹತ್ತರ ವಯಸ್ಸಿನಲ್ಲಿ ಈ ಸ್ಥಿತಿಯನ್ನು ಅನುಭವಿಸದ ಮಗು ಇರಲಿಕ್ಕಿಲ್ಲ. ಹೇಳಿಕೊಳ್ಳಲಾಗದ ಈ ಒಂಟಿತನಕ್ಕೆ ಲೇಖಕಿ ದೆವ್ವದ ರೂಪ ಕೊಟ್ಟಿದ್ದಾರೆ.

ದೊಡ್ಡವರಲ್ಲಿ ಹುಡುಗನನ್ನು ನಂಬುವವನು ಬರ್ಟ್ ಎಲಿಸನ್. ಮರಗೆಲಸ, ಗಾರೆ ಕೆಲಸ ಮಾಡುತ್ತಲೇ ದೆವ್ವ ಬಿಡಿಸುವುದನ್ನೂ ಬಲ್ಲವನು. ಮನೆಯವರು ಅವನನ್ನು ಕರೆಸಿರುವುದು ಕಪಾಟು ಹಾಕಿಸಲು. ಅವನು ಅಳತೆಪಟ್ಟಿ ಹಿಡಿದು ಬಂದು, ಜೇಮ್ಸ್ ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿ, ನಲ್ಲಿ ಸೋರುತ್ತಿದೆ ಎಂದಾಗ ಕೇಳುವಂಥ ಪ್ರಶ್ನೆಗಳನ್ನೇ ಕೇಳುತ್ತಾನೆ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಮಗುವಿನ ಮಾತನ್ನು ಒಬ್ಬ ದೊಡ್ಡವನು ನಗದೆ, ಗದರದೆ, ಕೆಲಸದ ಮಾತಾಗಿ ಸ್ವೀಕರಿಸಿದಾಗ ಆಗುವ ನೆಮ್ಮದಿ ಆ ಪುಟಗಳಲ್ಲಿ ತುಂಬಿದೆ. ಬರ್ಟ್‌ನ ಪ್ರಯತ್ನಗಳು ಫಲಿಸುವುದಿಲ್ಲ ಎಂಬುದು ಬೇರೆ ಮಾತು.

ಇನ್ನೊಂದು ಎಳೆ ಇನ್ನೂ ಆಳವಾದದ್ದು. ಹಳೆಯ ಸಾಮಾನುಗಳ ನಡುವೆ ಜೇಮ್ಸ್‌ಗೆ ನೂರು ವರ್ಷಕ್ಕೂ ಹಿಂದಿನ ದಿನಚರಿಯೊಂದು ಸಿಗುತ್ತದೆ. ಅದೇ ಮನೆಯಲ್ಲಿದ್ದ ಹೆಂಗಸೊಬ್ಬಳು ತನ್ನಲ್ಲಿಗೆ ಬಂದಿದ್ದ ಆರ್ನಾಲ್ಡ್ ಎಂಬ ಹುಡುಗನ ಬಗ್ಗೆ ಅದರಲ್ಲಿ ಅಕ್ಕರೆಯಿಂದ ಬರೆದಿದ್ದಾಳೆ. ಅವನನ್ನೂ ಕೆಂಪ್ ಕಾಡಿದ್ದ. ಜೇಮ್ಸ್‌ಗೆ ಆರ್ನಾಲ್ಡ್ ಗೆಳೆಯನಾಗುತ್ತಾನೆ. ಆಮೇಲೆ ತನ್ನ ಶಾಲೆಯಲ್ಲಿ ಗೌರವದಿಂದ ತೂಗುಹಾಕಿರುವ ವಯಸ್ಸಾದ ಗಂಭೀರ ಮನುಷ್ಯನ ಭಾವಚಿತ್ರ ಆ ಆರ್ನಾಲ್ಡ್‌ನದೇ ಎಂದು ಅವನಿಗೆ ತಿಳಿಯುತ್ತದೆ. ತನ್ನ ಓರಗೆಯವನು ಮುದುಕನಾಗಿ, ಸತ್ತೂ ಹೋಗಿದ್ದಾನೆ! ಹಾಗಾದರೆ ಎದುರುಮನೆಯ ಅಜ್ಜಿಯೂ ಒಂದು ಕಾಲಕ್ಕೆ ಮರ ಹತ್ತುವ ವಯಸ್ಸಿನ ಹುಡುಗಿಯಾಗಿದ್ದಳು. ಕಾಲ ಎಂದರೇನು ಎಂಬುದನ್ನು ಮಕ್ಕಳಿಗೆ ಇಷ್ಟು ಸರಳವಾಗಿ, ಒಂದೂ ಉಪದೇಶದ ಮಾತಿಲ್ಲದೆ ಮುಟ್ಟಿಸಿದ ಬರಹ ನಾನು ಹೆಚ್ಚು ಕಂಡಿಲ್ಲ. ಕೊನೆಗೆ ಕೆಂಪ್ ದಣಿಯುತ್ತಾನೆ. ಈ ಊರು ತನ್ನದಲ್ಲ ಎಂದು ಅರಿತು, ಮಲಗಲು ಜಾಗ ಹುಡುಕಿಕೊಡು ಎಂದು ಹುಡುಗನನ್ನೇ ಬೇಡಿಕೊಳ್ಳುತ್ತಾನೆ. ಚರ್ಚಿನಲ್ಲಿ ಅವನ ಸಮಾಧಿಯನ್ನು ಹುಡುಕುವ ಹೊತ್ತಿಗೆ ಜೇಮ್ಸ್‌ಗೆ ಅವನ ಮೇಲಿದ್ದ ಸಿಟ್ಟು ಕರುಣೆಯಾಗಿರುತ್ತದೆ.

ಕೊರತೆಗಳಿಲ್ಲ ಎಂದಲ್ಲ. ಮೊದಲರ್ಧದಲ್ಲಿ ಬರಹ ಕಾಣಿಸಿಕೊಳ್ಳುವುದು, ಆರೋಪ, ಶಿಕ್ಷೆ ಎಂಬ ಸರಣಿ ಮತ್ತೆ ಮತ್ತೆ ಬಂದು ಓಟ ಕುಂಟುತ್ತದೆ. ಅಕ್ಕ ಹೆಲೆನ್ ತಮ್ಮನನ್ನು ರೇಗಿಸುವುದಕ್ಕಷ್ಟೇ ಸೀಮಿತ. ಮೈ ಜುಮ್ಮೆನ್ನಬೇಕೆಂದು ಕಾಯುವ ಮಗುವಿಗೆ ಭಯ ಸಾಲದೇ ಹೋಗಬಹುದು.

ಆ ಜುಮ್ಮೆನ್ನುವಿಕೆಯನ್ನು ಧಾರಾಳವಾಗಿ ಹಂಚಿದವರು ಅಮೆರಿಕದ ಆರ್.ಎಲ್. ಸ್ಟೈನ್. 1992ರಿಂದ 1997ರವರೆಗೆ ಬಂದ ‘ಗೂಸ್‌ಬಂಪ್ಸ್’ ಮೂಲ ಸರಣಿಯಲ್ಲೇ 62 ಪುಸ್ತಕಗಳಿವೆ. ಅಧ್ಯಾಯದ ಕೊನೆಗೆ ಹೆಗಲ ಮೇಲೆ ತಣ್ಣನೆಯ ಕೈ ಬೀಳುತ್ತದೆ, ಮುಂದಿನ ಪುಟದಲ್ಲಿ ಅದು ಗೆಳೆಯನ ಕೈ. ಓದುವ ಅಭ್ಯಾಸ ಹಿಡಿಸಲು ಈ ತಂತ್ರ ಒಳ್ಳೆಯದೇ, ಆದರೆ ನಾಲ್ಕೈದು ಪುಸ್ತಕಗಳಲ್ಲಿ ಸವೆದುಹೋಗುತ್ತದೆ. ಆ ಸರಣಿಯಲ್ಲಿ ನಾನು ಮೇಲಿಡುವುದು ‘ದಿ ಘೋಸ್ಟ್ ನೆಕ್ಸ್ಟ್ ಡೋರ್’. ಪಕ್ಕದ ಮನೆಯ ಹುಡುಗ ದೆವ್ವವಿರಬೇಕೆಂದು ಶಂಕಿಸುವ ಹ್ಯಾನಾಗೆ, ಸತ್ತಿರುವವಳು ತಾನೇ ಎಂದು ಗೊತ್ತಾಗುತ್ತದೆ. ಅಲ್ಲಿ ದೆವ್ವಕ್ಕೆ ದುಃಖವಿದೆ, ಆದ್ದರಿಂದ ಪುಸ್ತಕ ನಿಂತಿದೆ. ಬಂಗಾಳಿಯ ಶೀರ್ಷೇಂದು ಮುಖೋಪಾಧ್ಯಾಯರ ‘ಗೋಸಾಯಿಬಾಗಾನೇರ್ ಭೂತ್’ನಲ್ಲಿ ಗಣಿತದಲ್ಲಿ 13 ಅಂಕ ಪಡೆದು ಕಂಗೆಟ್ಟ ಬುರುನ್‌ಗೆ ದೆವ್ವ ಕಂಡರೂ ಹೆದರಿಕೆಯೇ ಆಗುವುದಿಲ್ಲ. ಹೆದರದಿದ್ದರೆ ತನ್ನ ಮಾನ ಹೋಗುತ್ತದೆಂದು ದೆವ್ವ ಗೋಗರೆಯುತ್ತದೆ. ಇದು ನಗಿಸುವ ಕಥೆ, ಆದರೂ ದೆವ್ವದ ಅಳಲು ಅದರದೇ.

ನಮ್ಮ ಕನ್ನಡದ ಮಕ್ಕಳಿಗೆ ‘ಚಂದಮಾಮ’ದ ಬೇತಾಳ ಬಹುಕಾಲ ಗೆಳೆಯನಾಗಿದ್ದ. ಚಿತ್ರಕಾರ ಶಂಕರ್ ಬರೆದ ಆ ಚಿತ್ರ, ಹೆಗಲ ಮೇಲೆ ಹೆಣ ಹೊತ್ತು ಕತ್ತಿ ಹಿಡಿದು ನಡೆಯುವ ರಾಜ, ಒಂದೆರಡು ತಲೆಮಾರಿನವರ ಕಣ್ಣಲ್ಲಿ ಇಂದಿಗೂ ಇದೆ. ಅಲ್ಲಿಂದ ಮುಂದೆ ನಾವು ಹೆಚ್ಚು ದೂರ ಬಂದಿಲ್ಲ. ರಾತ್ರಿ ಕಂಡದ್ದು ಒಣಹಾಕಿದ ಪಂಚೆ, ದೆವ್ವ ಎಂಬುದೆಲ್ಲ ಭ್ರಮೆ ಎಂದು ಕೊನೆಗೆ ಮೇಷ್ಟ್ರು ವಿವರಿಸುವ ಕಥೆಗಳು ನಮ್ಮಲ್ಲಿ ಧಾರಾಳವಾಗಿವೆ. ವೈಚಾರಿಕತೆ ಬೇಕು, ನಾನೂ ಅದರ ಪರವೇ. ಆದರೆ ಅದು ವಿಜ್ಞಾನದ ಪಾಠದಲ್ಲಿ ಬರಲಿ. ಲೈವ್ಲಿ ಕಾದಂಬರಿ ಓದಿದ ಮಗು ದೆವ್ವವನ್ನು ನಂಬಲು ತೊಡಗುವುದಿಲ್ಲ, ಮುದುಕರನ್ನು ಬೇರೆ ಕಣ್ಣಿನಿಂದ ನೋಡತೊಡಗುತ್ತದೆ.

ನಮ್ಮಲ್ಲಿ ಸರಕಿಗೆ ಬರವಿಲ್ಲ. ತುಳುನಾಡಿನಲ್ಲಿ ಎಳವೆಯಲ್ಲೇ ತೀರಿಕೊಂಡ ಮಕ್ಕಳಿಗೆ, ಮದುವೆಯ ವಯಸ್ಸು ಬಂದಾಗ ಹೆಣ್ಣು ಗಂಡು ಹುಡುಕಿ ಪ್ರೇತಗಳ ಮದುವೆ ಮಾಡುವ ಪದ್ಧತಿ ಇದೆ. ಸತ್ತ ಮಗು ಮನೆಯವರ ಲೆಕ್ಕದಲ್ಲಿ ಬೆಳೆಯುತ್ತಲೇ ಇರುತ್ತದೆ. ತಾನು ಹುಟ್ಟುವ ಮೊದಲೇ ಹೋದ ಅಕ್ಕನ ಮದುವೆಗೆ ಹೊಸ ಅಂಗಿ ತೊಟ್ಟು ಹೊರಟ ಹನ್ನೊಂದು ವರ್ಷದ ತಮ್ಮನೊಬ್ಬನನ್ನು ಊಹಿಸಿಕೊಳ್ಳಿ. ಕಾದಂಬರಿ ಅಲ್ಲೇ ಇದೆ. ಕನ್ನಡದಲ್ಲಿ ಮಕ್ಕಳಿಗಾಗಿ ಬರೆಯುವವರಲ್ಲಿ ನನ್ನ ಬೇಡಿಕೆ ಇಷ್ಟೇ: ನಿಮ್ಮ ಊರಿನ ದೆವ್ವವನ್ನು ಪಂಚೆ ಎಂದು ಬಯಲು ಮಾಡುವ ಆತುರ ಬೇಡ, ಅದರ ದೂರು ಏನೆಂದು ಮೊದಲು ಕೇಳಿ ಬರೆಯಿರಿ.