ಕವಲೊಡೆದ ಕಥೆ ಮತ್ತು ಏಕಪಾಠ: 'ಫೇಟ್/ಸ್ಟೇ ನೈಟ್' ರೂಪಾಂತರಗಳು ಹಾಗೂ ಬಳ್ಳಾರಿ ಸೀಮೆಯ ತೊಗಲುಗೊಂಬೆಯಾಟ

ಕಥೆಯೊಂದು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಸಾಗಿದಾಗ ವಿಮರ್ಶೆ ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವ ಅಳತೆಗೋಲು ಮೂಲನಿಷ್ಠೆ. ರೂಪಾಂತರವು ಮೂಲಕ್ಕೆ ಎಷ್ಟು ಹತ್ತಿರವಿದೆ, ಏನನ್ನು ಬಿಟ್ಟಿದೆ, ಏನನ್ನು ಸೇರಿಸಿದೆ ಎಂಬ ಲೆಕ್ಕಾಚಾರದಲ್ಲೇ ಚರ್ಚೆ ಮುಗಿದುಹೋಗುತ್ತದೆ. ಮೂಲವು ಒಂದೇ, ಅದು ಪೂರ್ಣ ಮತ್ತು ಸ್ಥಿರ ಎಂಬ ಗೃಹೀತ ಈ ಅಳತೆಗೋಲಿನ ಹಿಂದಿದೆ. ಜಾನಪದ ಅಧ್ಯಯನವು ಈ ಗೃಹೀತವನ್ನು ಬಹಳ ಹಿಂದೆಯೇ ಪ್ರಶ್ನಿಸಿದೆ. ಎ.ಕೆ. ರಾಮಾನುಜನ್ ಅವರು ಚರ್ಚಿಸಿದ ಕನ್ನಡ ಜನಪದ ರಾಮಾಯಣವೊಂದರಲ್ಲಿ ರಾವಣನೇ ಗರ್ಭ ಧರಿಸುತ್ತಾನೆ. ಅವನು ಸೀನಿದಾಗ ಸೀತೆ ಹುಟ್ಟುತ್ತಾಳೆ. ಇದನ್ನು ವಾಲ್ಮೀಕಿಯಿಂದ ದೂರ ಸರಿದ ಪಾಠವೆಂದು ಕರೆದರೆ ಏನನ್ನೂ ವಿವರಿಸಿದಂತಾಗುವುದಿಲ್ಲ. ಅದು ತನ್ನದೇ ತರ್ಕವುಳ್ಳ ಇನ್ನೊಂದು ರಾಮಾಯಣ.

ಆದರೆ ಮೂಲವೇ ಕವಲೊಡೆದಿದ್ದರೆ? ಅಂದರೆ, ಕರ್ತೃವೇ ಒಂದು ಕಥೆಗೆ ಮೂರು ದಾರಿಗಳನ್ನು ಬರೆದಿಟ್ಟಿದ್ದರೆ, ಅದನ್ನು ಒಂದೇ ದಾರಿಯ ಸರಣಿಯಾಗಿಸುವವರು ಏನು ಮಾಡಬೇಕು? ಜಪಾನಿನ ದೃಶ್ಯ ಕಾದಂಬರಿಗಳೂ ಅವುಗಳಿಂದ ಹುಟ್ಟಿದ ಅನಿಮೆ ಸರಣಿಗಳೂ ಈ ಪ್ರಶ್ನೆಯನ್ನು ಎರಡು ದಶಕಗಳಿಂದ ಎದುರಿಸುತ್ತಿವೆ. ಬಳ್ಳಾರಿ ಸೀಮೆಯ ತೊಗಲುಗೊಂಬೆಯಾಟವನ್ನು ದಾಖಲಿಸಹೊರಟವರ ಮುಂದಿರುವುದೂ ಇದೇ ಪ್ರಶ್ನೆ. ದೂರದ ಈ ಎರಡು ಕಲೆಗಳನ್ನು ಒಟ್ಟಿಗೆ ನೋಡುವುದರಿಂದ ಎರಡರ ಮೇಲೂ ಬೆಳಕು ಬೀಳುತ್ತದೆ.

೧

ದೃಶ್ಯ ಕಾದಂಬರಿಯೆಂದರೆ ಗಣಕಯಂತ್ರದ ತೆರೆಯ ಮೇಲೆ ಓದುವ ಕಥೆ. ಹಿನ್ನೆಲೆಯಲ್ಲಿ ಒಂದು ಸ್ಥಳದ ಚಿತ್ರ, ಅದರ ಮುಂದೆ ನಿಂತ ಪಾತ್ರದ ಚಿತ್ರ, ಕೆಳಗೆ ಬರಹ, ಜೊತೆಗೆ ಸಂಗೀತ. ಕೆಲವೆಡೆ ಓದುಗನ ಮುಂದೆ ಆಯ್ಕೆಗಳು ಬರುತ್ತವೆ. ಆಯ್ಕೆಗೆ ತಕ್ಕಂತೆ ಕಥೆ ತಿರುಗುತ್ತದೆ. ಪಾತ್ರಗಳು ಚಲಿಸುವುದು ಕಡಿಮೆ. ಸಿಟ್ಟು, ನಗು, ನಾಚಿಕೆಗಳಿಗೆ ಒಂದೇ ಪಾತ್ರದ ಬೇರೆ ಬೇರೆ ನಿಂತ ಚಿತ್ರಗಳಿರುತ್ತವೆ. ಮಹತ್ವದ ಘಟ್ಟಗಳಲ್ಲಿ ಮಾತ್ರ ಇಡೀ ದೃಶ್ಯವನ್ನು ತುಂಬುವ ಒಂದು ದೊಡ್ಡ ಚಿತ್ರ ಬರುತ್ತದೆ.

ಕರ್ನಾಟಕದ ತೊಗಲುಗೊಂಬೆಗಳನ್ನು ಬಲ್ಲವರಿಗೆ ಈ ವ್ಯಾಕರಣ ಅಪರಿಚಿತವಲ್ಲ. ಎಂ.ಎಸ್. ನಂಜುಂಡರಾವ್ ಅವರು ಕರ್ನಾಟಕ ಚಿತ್ರಕಲಾ ಪರಿಷತ್ತಿಗಾಗಿ ಸಂಗ್ರಹಿಸಿದ ಗೊಂಬೆಗಳಲ್ಲಿ ಎರಡು ಬಗೆಗಳು ಎದ್ದು ಕಾಣುತ್ತವೆ. ಒಂದು, ಒಬ್ಬನೇ ಪಾತ್ರಧಾರಿಯ ಬಿಡಿಗೊಂಬೆ; ಸಂದರ್ಭ ಬದಲಾದಂತೆ ರಾಮನಿಗೋ ರಾವಣನಿಗೋ ಬೇರೆ ಗೊಂಬೆ ತೆರೆಗೆ ಬರುತ್ತದೆ. ಇನ್ನೊಂದು, ಇಡೀ ಸನ್ನಿವೇಶವನ್ನೇ ಒಂದು ಚರ್ಮದಲ್ಲಿ ಕೊರೆದ ದೃಶ್ಯಗೊಂಬೆ. ಚಿತ್ರ ನಿಂತಿರುತ್ತದೆ, ಮಾತು ಮತ್ತು ಹಾಡು ಕಥೆಯನ್ನು ನಡೆಸುತ್ತವೆ. ಜಪಾನಿನಲ್ಲಿಯೂ ಚಿತ್ರ ತೋರಿಸಿ ಕಥೆ ಹೇಳುವ ಎತೊಕಿ, ಕಾಮಿಶಿಬಾಯ್ ಎಂಬ ಸಂಪ್ರದಾಯಗಳಿದ್ದವು. ಇವುಗಳ ನಡುವೆ ಚಾರಿತ್ರಿಕ ಸಂಬಂಧವನ್ನು ಕಲ್ಪಿಸುವ ಅಗತ್ಯವಿಲ್ಲ. ನಿಂತ ಚಿತ್ರ, ನಡೆಯುವ ದನಿ ಎಂಬ ರಚನೆ ಎರಡೂ ಕಡೆ ಒಂದೇ ಬಗೆಯ ಸ್ವಾತಂತ್ರ್ಯವನ್ನು ಕೊಟ್ಟಿದೆ ಎಂಬುದಷ್ಟೇ ಇಲ್ಲಿ ಗಮನಾರ್ಹ. ಚಿತ್ರಗಳು ಅವೇ ಇದ್ದರೂ ದನಿ ಬೇರೆ ದಾರಿ ಹಿಡಿಯಬಹುದು.

೨

ಟೈಪ್-ಮೂನ್ ಸಂಸ್ಥೆಯ 'ಫೇಟ್/ಸ್ಟೇ ನೈಟ್' ಪ್ರಕಟವಾದದ್ದು ೨೦೦೪ರ ಜನವರಿಯಲ್ಲಿ. ಬರಹ ಕಿನೊಕೊ ನಾಸು ಅವರದು, ಚಿತ್ರ ತಕಾಶಿ ತಕೆಉಚಿ ಅವರದು. ಫುಯುಕಿ ಎಂಬ ಪಟ್ಟಣದಲ್ಲಿ ಏಳು ಜನ ಮಾಂತ್ರಿಕರು ಪುರಾಣ-ಇತಿಹಾಸಗಳ ಏಳು ವೀರರ ಆತ್ಮಗಳನ್ನು ಆವಾಹಿಸಿ, ಬಯಸಿದ್ದನ್ನು ಕೊಡುವ ಪಾತ್ರೆಯೊಂದಕ್ಕಾಗಿ ಹೋರಾಡುತ್ತಾರೆ. ಬ್ರಿಟನ್ನಿನ ಆರ್ಥರ್, ಐರ್ಲೆಂಡಿನ ಕೂ ಹುಲಿನ್, ಗ್ರೀಸಿನ ಹೆರಾಕ್ಲಿಸ್ ಮತ್ತು ಮೆಡೂಸಾ, ಮೆಸೊಪೊಟೇಮಿಯದ ಗಿಲ್ಗಮೇಶ್ ಇಲ್ಲಿ ಒಂದೇ ಊರಿನ ಬೀದಿಗಳಲ್ಲಿ ಎದುರಾಗುತ್ತಾರೆ. ಈ ಲೋಕ ಮುಂದೆ ಭಾರತದವರೆಗೂ ಚಾಚಿತು; ೨೦೧೭ರ 'ಫೇಟ್/ಅಪಾಕ್ರಿಫಾ' ಸರಣಿಯಲ್ಲಿ ಕವಚ ಕಳಚಿಕೊಟ್ಟ ಕರ್ಣನೇ ಒಬ್ಬ ಯೋಧ. ದೊಡ್ಡಾಟದ ಕರ್ಣನನ್ನು ಕಂಡ ಸಿರುಗುಪ್ಪ, ಕುರುಗೋಡು ಭಾಗದ ಪ್ರೇಕ್ಷಕನಿಗೆ ಆ ಕರ್ಣನ ದಾನಗುಣವನ್ನು ಯಾರೂ ವಿವರಿಸಬೇಕಾಗಿಲ್ಲ.

ಮೂಲ ಕೃತಿಗೆ ಮೂರು ಕಥಾಪಥಗಳಿವೆ: 'ಫೇಟ್', 'ಅನ್‌ಲಿಮಿಟೆಡ್ ಬ್ಲೇಡ್ ವರ್ಕ್ಸ್', 'ಹೆವೆನ್ಸ್ ಫೀಲ್'. ನಾಯಕ ಶಿರೋ ಎಲ್ಲರನ್ನೂ ಉಳಿಸಬೇಕೆಂಬ ಆದರ್ಶ ಹೊತ್ತ ಹುಡುಗ. ಮೊದಲ ಪಥದಲ್ಲಿ ಅವನು ಸೇಬರ್ ಎಂಬ ವೀರಾತ್ಮದ ಜೊತೆಯಲ್ಲಿ ಆ ಆದರ್ಶವನ್ನು ಕಾಪಾಡಿಕೊಳ್ಳುತ್ತಾನೆ. ಎರಡನೆಯದರಲ್ಲಿ ಆ ಆದರ್ಶ ತನ್ನನ್ನು ಎಲ್ಲಿಗೆ ಮುಟ್ಟಿಸಬಲ್ಲದು ಎಂಬುದನ್ನು ಕಣ್ಣಾರೆ ಕಂಡೂ ಬಿಡುವುದಿಲ್ಲ. ಮೂರನೆಯದರಲ್ಲಿ ಸಾಕುರಾ ಎಂಬ ಒಬ್ಬಳನ್ನು ಉಳಿಸಲು ಅದನ್ನು ಕೈಬಿಡುತ್ತಾನೆ. ಗಮನಿಸಬೇಕಾದ ಅಂಶವೆಂದರೆ, ಈ ಮೂರೂ ದಾರಿಗಳು ಓದುಗನಿಗೆ ಏಕಕಾಲದಲ್ಲಿ ತೆರೆದಿರುವುದಿಲ್ಲ. ಮೊದಲನೆಯದು ಮುಗಿದ ಮೇಲೆ ಎರಡನೆಯದು, ಅದು ಮುಗಿದ ಮೇಲೆ ಮೂರನೆಯದು. ಮೂರನೆಯ ಪಥದ ತ್ಯಾಗದ ಭಾರ ತಿಳಿಯುವುದು ಮೊದಲ ಎರಡರಲ್ಲಿ ಆ ಆದರ್ಶದ ಬೆಲೆ ತಿಳಿದವನಿಗೆ ಮಾತ್ರ. ಹೀಗಾಗಿ ಇಲ್ಲಿ ಅರ್ಥವಿರುವುದು ಮೂರು ಪಾಠಗಳ ನಡುವಣ ಸಂಬಂಧದಲ್ಲಿ.

ಎರಡನೆಯ ಪಥದಲ್ಲಿ ಆರ್ಚರ್ ಎಂಬ ವೀರಾತ್ಮ ಶಿರೋನದೇ ಭವಿಷ್ಯದ ರೂಪ ಎಂಬುದು ಬಯಲಾಗುತ್ತದೆ. ಆದರ್ಶದಿಂದ ಬೇಸತ್ತ ಅವನು ತನ್ನ ಎಳೆಯ ರೂಪವನ್ನೇ ಕೊಲ್ಲಲು ಬಂದಿದ್ದಾನೆ. ಅಂದರೆ ಒಂದು ಪಾಠದೊಳಗಿನ ಪಾತ್ರಕ್ಕೆ ಇನ್ನೊಂದು ಪಾಠ ಗೊತ್ತಿದೆ. ಭಾರತೀಯ ಪರಂಪರೆಯಲ್ಲಿ ಇದಕ್ಕೊಂದು ಪ್ರಸಿದ್ಧ ಸಾದೃಶ್ಯವಿದೆ. ಅಧ್ಯಾತ್ಮ ರಾಮಾಯಣದಲ್ಲಿ ಕಾಡಿಗೆ ಬರಬೇಡವೆಂದ ರಾಮನಿಗೆ ಸೀತೆ ಕೊಡುವ ವಾದಗಳಲ್ಲೊಂದು, ಎಷ್ಟೋ ರಾಮಾಯಣಗಳನ್ನು ಕೇಳಿದ್ದರೂ ಸೀತೆಯಿಲ್ಲದೆ ರಾಮ ಕಾಡಿಗೆ ಹೋದದ್ದು ಯಾವುದರಲ್ಲೂ ಇಲ್ಲವೆಂಬುದು. ಸೀತೆ ಪಾಠಗಳ ಬಹುತ್ವವನ್ನು ತನ್ನ ಪರವಾದ ಸಾಕ್ಷಿಯಾಗಿ ಬಳಸುತ್ತಾಳೆ. ಆರ್ಚರ್ ಅದನ್ನು ತನ್ನ ವಿರುದ್ಧದ ಸಾಕ್ಷಿಯಾಗಿ ಬಳಸುತ್ತಾನೆ.

೩

ಈ ಹಿನ್ನೆಲೆಯಲ್ಲಿ ಅನಿಮೆ ರೂಪಾಂತರಗಳನ್ನು ಪರಿಶೀಲಿಸಬಹುದು. ಮೊದಲ ಯತ್ನ ೨೦೦೬ರಲ್ಲಿ ಸ್ಟುಡಿಯೋ ಡೀನ್ ಮಾಡಿದ ೨೪ ಕಂತುಗಳ ಸರಣಿ. ಅದರ ಬೆನ್ನೆಲುಬು 'ಫೇಟ್' ಪಥ. ಆದರೆ ಉಳಿದ ಪಥಗಳ ಎಳೆಗಳನ್ನೂ ಅಲ್ಲಲ್ಲಿ ನೇಯಲಾಗಿದೆ. ಇದನ್ನು ಕಲಬೆರಕೆಯೆಂದು ಹಳಿದವರು ಬಹಳ. ಜಾನಪದದ ದೃಷ್ಟಿಯಿಂದ ನೋಡಿದರೆ ಬೆರೆಸುವುದೇ ದೋಷವಲ್ಲ. ಒಂದು ಪ್ರಸಂಗದ ತುಣುಕನ್ನು ಇನ್ನೊಂದಕ್ಕೆ ತಂದು ಜೋಡಿಸುವುದು ಯಾವ ಬಯಲಾಟದ ಭಾಗವತನಿಗೂ ಹೊಸತಲ್ಲ. ಆದರೆ ಭಾಗವತ ತಂದ ತುಣುಕು ಆ ರಾತ್ರಿಯ ಕಥೆಯಲ್ಲಿ ಒಂದು ಪರಿಣಾಮವನ್ನು ಉಂಟುಮಾಡಬೇಕು. ಈ ಸರಣಿಯಲ್ಲಿ ಸಾಕುರಾಳ ಸಂಕಟ ಸುಳಿದು ಮಾಯವಾಗುತ್ತದೆ. ಅದರಿಂದ ಶಿರೋನ ಆದರ್ಶಕ್ಕೆ ಒಂದು ಗೀರೂ ಬೀಳುವುದಿಲ್ಲ. ಬೆರೆಸಿದ್ದನ್ನು ಬೇಯಿಸದೆ ಬಿಟ್ಟದ್ದೇ ಇದರ ಕೊರತೆ.

ಅದೇ ಸಂಸ್ಥೆ ೨೦೧೦ರಲ್ಲಿ ಎರಡನೆಯ ಪಥವನ್ನು ಒಂದೇ ಚಲನಚಿತ್ರಕ್ಕೆ ಹಿಡಿಸಿತು. ಬಳಿಕ ಯೂಫೋಟೇಬಲ್ ಸಂಸ್ಥೆ ೨೦೧೪-೧೫ರಲ್ಲಿ ಅದೇ ಪಥವನ್ನು ದೂರದರ್ಶನ ಸರಣಿಯಾಗಿ ವಿಸ್ತರಿಸಿತು. ಇದರ ಪೀಠಿಕೆಯ ಕಂತು ಘಟನೆಗಳನ್ನು ರಿನ್ ಎಂಬ ಹುಡುಗಿಯ ಕಣ್ಣಿನಿಂದ ತೋರಿಸುತ್ತದೆ. ಮುಂದಿನ ಕಂತು ಅವೇ ದಿನಗಳನ್ನು ಶಿರೋನ ಕಣ್ಣಿನಿಂದ ಮತ್ತೆ ಹೇಳುತ್ತದೆ. ಒಂದೇ ಘಟನೆಗೆ ಎರಡು ಪಾಠಗಳಿವೆ ಎಂಬುದನ್ನು ಆರಂಭದಲ್ಲೇ ಪ್ರೇಕ್ಷಕನಿಗೆ ಕಲಿಸುವ ಈ ಕ್ರಮ ಸಮರ್ಥವಾದುದು. ಆದರೆ ಮೂಲದ ನಿರೂಪಣೆ ಬಹುಪಾಲು ಶಿರೋನ ಒಳಮಾತು. ಆರ್ಚರ್‌ನೊಡನೆ ಅವನ ಕದನ ಕತ್ತಿಗಳ ಕದನಕ್ಕಿಂತ ಹೆಚ್ಚಾಗಿ ಒಬ್ಬನೇ ಮನುಷ್ಯ ತನ್ನೊಡನೆ ನಡೆಸಿದ ವಾದ. ತೆರೆಯ ಮೇಲೆ ಬೆಳಕು, ವೇಗ, ಕಿಡಿಗಳು ಬೆರಗು ಹುಟ್ಟಿಸುವಷ್ಟು ಬೆಳೆದು ಆ ವಾದ ಅವುಗಳ ನಡುವೆ ಉಸಿರು ಹಿಡಿದು ನಿಲ್ಲಬೇಕಾಗುತ್ತದೆ.

ಮೂರನೆಯ ಪಥ ೨೦೧೭, ೨೦೧೯ ಮತ್ತು ೨೦೨೦ರಲ್ಲಿ ಮೂರು ಚಲನಚಿತ್ರಗಳಾಗಿ ಬಂದಿತು. ಮೊದಲ ಚಿತ್ರ ಶಿರೋ-ಸಾಕುರಾರ ಹಳೆಯ ದಿನಗಳನ್ನು ನಿಧಾನವಾಗಿ ತೋರಿಸಿ, ಎಲ್ಲ ಪಥಗಳಿಗೂ ಸಮಾನವಾದ ಆರಂಭದ ಘಟನೆಗಳನ್ನು ಶೀರ್ಷಿಕೆಯ ದೃಶ್ಯಗಳಲ್ಲೇ ಹಾಯಿಸಿಬಿಡುತ್ತದೆ. ಹೊಸಬನಿಗೆ ಇದು ಒಗಟು. ಆದರೆ ಕಥೆ ಗೊತ್ತಿರುವವರ ಮುಂದೆ ಕಥೆ ಹೇಳುವ ಧೈರ್ಯವಿದು. ತೊಗಲುಗೊಂಬೆಯಾಟದಲ್ಲಿ ಲಂಕಾದಹನ ಆಡುವವನು ದಶರಥನ ಮಕ್ಕಳಿಂದ ಆರಂಭಿಸುವುದಿಲ್ಲ. ಪ್ರೇಕ್ಷಕ ಸಮುದಾಯದ ನೆನಪನ್ನು ಕೃತಿಯ ಭಾಗವಾಗಿ ಬಳಸಿಕೊಂಡ ಕಾರಣಕ್ಕೆ ಈ ಚಿತ್ರತ್ರಯವೇ ಉಳಿದೆಲ್ಲ ರೂಪಾಂತರಗಳಿಗಿಂತ ಮೂಲದ ಸ್ವಭಾವಕ್ಕೆ ಹತ್ತಿರವಾಗಿದೆ.

ಇನ್ನೊಂದು ಸಂಗತಿ ಮೂಲ-ರೂಪಾಂತರ ಎಂಬ ಶ್ರೇಣಿಯನ್ನೇ ಅಲುಗಿಸುತ್ತದೆ. ೨೦೦೪ರ ಕೃತಿಯಲ್ಲಿ ಪಾತ್ರಗಳಿಗೆ ದನಿ ಇರಲಿಲ್ಲ. ೨೦೦೬ರ ಸರಣಿ ದನಿ ಕೊಟ್ಟಿತು. ೨೦೦೭ರಲ್ಲಿ ಪ್ಲೇಸ್ಟೇಷನ್ ೨ಕ್ಕಾಗಿ ಬಂದ 'ರಿಯಾಲ್ಟಾ ನುಆ' ಆವೃತ್ತಿ ಆ ಸರಣಿಯ ಕಲಾವಿದರ ದನಿಗಳನ್ನು ಮೂಲದೊಳಕ್ಕೆ ತಂದಿತು, ವಯಸ್ಕರ ದೃಶ್ಯಗಳನ್ನು ತೆಗೆಯಿತು, ಮೊದಲ ಪಥಕ್ಕೆ ಹೊಸ ಮುಕ್ತಾಯವನ್ನೂ ಸೇರಿಸಿತು. ೨೦೨೪ರಲ್ಲಿ ಇದರ ಪರಿಷ್ಕೃತ ರೂಪ ಇಂಗ್ಲಿಷಿನಲ್ಲೂ ಬಿಡುಗಡೆಯಾಯಿತು. ಹೀಗೆ ರೂಪಾಂತರದಿಂದ ಮೂಲ ಬೆಳೆದಿದೆ. ಪ್ರದರ್ಶನವು ಪಠ್ಯವನ್ನು ತಿದ್ದುವ ಈ ಕ್ರಮವನ್ನು ಮೌಖಿಕ ಪರಂಪರೆಗಳ ಅಭ್ಯಾಸಿಗಳು ಬಲ್ಲರು.

೪

ರೂಪಾಂತರಗಳಲ್ಲಿ ನಿಜವಾಗಿ ಕಳೆದುಹೋದದ್ದು ಬೇರೆಯೇ ಇದೆ. ಮೂಲದಲ್ಲಿ ಓದುಗ ತಪ್ಪು ಆಯ್ಕೆ ಮಾಡಿದರೆ ನಾಯಕ ಸಾಯುತ್ತಾನೆ. ಅಂತಹ ಪ್ರತಿ ದುರಂತದ ಬಳಿಕ 'ಟೈಗರ್ ದೋಜೋ' ಎಂಬ ನಗೆಯಾಟ ತೆರೆದುಕೊಳ್ಳುತ್ತದೆ. ಶಿಕ್ಷಕಿ ತೈಗಾ ಮತ್ತು ಬಾಲೆ ಇಲ್ಯಾ ಕಥೆಯ ಚೌಕಟ್ಟಿನಿಂದ ಹೊರಬಂದು ಓದುಗನನ್ನು ಗೇಲಿ ಮಾಡುತ್ತ ದಾರಿ ತೋರುತ್ತಾರೆ. ತೊಗಲುಗೊಂಬೆಯಾಟದ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಮಾಡುವ ಕೆಲಸವೂ ಇದೇ. ರಾಮನ ಶೋಕದ ಮಧ್ಯೆ ನುಗ್ಗಿ, ಊರಿನ ಸುದ್ದಿಯಾಡಿ, ಕಥೆಗೂ ಕೇಳುಗನಿಗೂ ನಡುವೆ ಅವರು ಸೇತುವಾಗುತ್ತಾರೆ. ಈ ಜೋಡಿಯಿಲ್ಲದ ಆಟವನ್ನು ಊರವರು ಆಟವೆಂದು ಒಪ್ಪುವುದಿಲ್ಲ. ಅನಿಮೆಯ ಮುಖ್ಯ ಸರಣಿಗಳ ಕಥನದೊಳಗೆ ದೋಜೋಗೆ ಜಾಗ ಸಿಗಲಿಲ್ಲ. ಆಯ್ಕೆಯಿಲ್ಲದ ಕಡೆ ತಪ್ಪಿಲ್ಲ. ತಪ್ಪಿಲ್ಲದ ಕಡೆ ತಿದ್ದುವ ವಿದೂಷಕನಿಗೆ ಕೆಲಸವಿಲ್ಲ.

ಸಾದೃಶ್ಯಕ್ಕೆ ಮಿತಿಯೂ ಇದೆ. ದೃಶ್ಯ ಕಾದಂಬರಿಯ ಓದುಗ ಒಬ್ಬಂಟಿ. ಅವನ ಪ್ರತಿ ಆಯ್ಕೆಯನ್ನೂ ಕರ್ತೃ ಮೊದಲೇ ಬರೆದಿಟ್ಟಿದ್ದಾನೆ. ಕೃತಿಗೆ ಒಡೆತನದ ಹಕ್ಕಿದೆ. ತೊಗಲುಗೊಂಬೆಯಾಟದಲ್ಲಿ ಪ್ರಸಂಗವನ್ನು ಆರಿಸುವುದು ಊರು. ಮಳೆ ತಡವಾದರೆ ಒಂದು ಕಥೆ, ದನಕರುಗಳಿಗೆ ರೋಗ ಬಂದರೆ ಇನ್ನೊಂದು. ಅಲ್ಲಿ ಆಯ್ಕೆಯೆಂಬುದು ಹೊಲ, ಕೆರೆ, ಕೊಟ್ಟಿಗೆಗಳ ಸ್ಥಿತಿಗೆ ಬಿಟ್ಟ ಮಾತು. ಒಂದರಲ್ಲಿ ಕವಲು ರಚನೆಯ ತಂತ್ರ, ಇನ್ನೊಂದರಲ್ಲಿ ಬದುಕಿನ ಅಗತ್ಯ.

ಈ ವ್ಯತ್ಯಾಸವೇ ಬಳ್ಳಾರಿಯ ಪ್ರಶ್ನೆಯನ್ನು ತೀವ್ರಗೊಳಿಸುತ್ತದೆ. ೧೮೦೦ರಲ್ಲಿ ಈ ಸೀಮೆ ನಿಜಾಮನಿಂದ ಕಂಪನಿಗೆ ಹೋದ ಮೇಲೆ ಸೈನ್ಯದ ನೆಲೆಯಾಗಿ ಬೆಳೆದ ಕಂಟೋನ್ಮೆಂಟ್, ಇಂದಿಗೂ ಕನ್ನಡ, ತೆಲುಗು, ಉರ್ದುಗಳು ಒಂದೇ ಬೀದಿಯಲ್ಲಿ ಸಂಧಿಸುವ ಜಾಗ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು ೧೯೫೩ರಲ್ಲಿ. ತೊಗಲುಗೊಂಬೆಯಾಡಿಸುವ ಕಿಳ್ಳೇಕ್ಯಾತರ ಮನೆಮಾತು ಮರಾಠಿಗೆ ಹತ್ತಿರದ್ದು; ಆಟದ ಮಾತು ಊರಿನದು. ಅವರ ಕಲೆಯಲ್ಲಿ ಭಾಷಾಂತರ ಹುಟ್ಟಿನಿಂದಲೇ ಇದೆ. ಇದಕ್ಕೆ ವ್ಯತಿರಿಕ್ತವಾಗಿ, ೨೦೨೫ರಲ್ಲಿ ಭಾರತದ ಚಿತ್ರಮಂದಿರಗಳಿಗೆ ಬಂದ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಚಿತ್ರಕ್ಕೆ ಹಿಂದಿ, ತಮಿಳು, ತೆಲುಗು ದನಿಗಳಿದ್ದವು, ಕನ್ನಡದ ದನಿಯಿರಲಿಲ್ಲ. ಆ ಕಥೆಯನ್ನು ಬಳ್ಳಾರಿಯ ಮಗು ತೆಲುಗಿನಲ್ಲಿ ಕೇಳಬೇಕಾಯಿತು. ಕನ್ನಡ ಅದಕ್ಕೆ ಅಲ್ಲಿ ಒಂದು ಪಾಠವಾಗಿಯೂ ದೊರೆಯಲಿಲ್ಲ.

ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಹೋರಾಟವನ್ನೂ ಗಾಂಧೀಜಿಯವರ ಬದುಕನ್ನೂ ತೊಗಲುಗೊಂಬೆಗೆ ತಂದು, ಈ ಕಲೆ ಹೊಸ ಕವಲು ಒಡೆಯಬಲ್ಲದೆಂದು ತೋರಿಸಿದರು. ೨೦೨೩ರಲ್ಲಿ ಅವರು ತೀರಿಕೊಂಡರು. ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಸಂದಿತು. ಆಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಇಂತಹ ಹಿರಿಯರ ದನಿಯನ್ನು ದಾಖಲಿಸುವ ತುರ್ತು ಯಾರಿಗೂ ಅರ್ಥವಾಗುವಂಥದ್ದು. ಆದರೆ ಇಡೀ ರಾತ್ರಿಯ ಆಟವನ್ನು ವೇದಿಕೆಯ ಅರ್ಧ ಗಂಟೆಗೆ ಇಳಿಸಿ, ಕಿಳ್ಳೇಕ್ಯಾತನ ಚೇಷ್ಟೆಯನ್ನು ಅನುಚಿತವೆಂದು ಕತ್ತರಿಸಿ, ಒಮ್ಮೆ ಆಡಿದ್ದನ್ನೇ ಅಧಿಕೃತ ಪಾಠವೆಂದು ಅಚ್ಚು ಹಾಕಿದರೆ, ೨೦೦೬ರ ಸರಣಿಯ ದೋಷವನ್ನೇ ಇಲ್ಲಿಯೂ ಮಾಡಿದಂತಾಗುತ್ತದೆ. ಜಪಾನಿನ ಉದ್ಯಮಕ್ಕೆ ತಪ್ಪು ತಿದ್ದಲು ಹದಿನಾಲ್ಕು ವರ್ಷ ಸಿಕ್ಕಿತು. ಹಿಂದಿರುಗಿ ನೋಡಲು ಬರೆದಿಟ್ಟ ಮೂಲ ಅದರ ಬಳಿಯಿತ್ತು. ಮೌಖಿಕ ಪರಂಪರೆಗೆ ಅಂತಹ ಬೀರು ಇಲ್ಲ. ದಾಖಲಾಗದ ಕವಲು ಅದನ್ನು ಬಲ್ಲವರೊಂದಿಗೇ ಹೋಗುತ್ತದೆ.

ಆದುದರಿಂದ ಒಂದೇ ಪ್ರಸಂಗವನ್ನು ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ಕುಟುಂಬಗಳಿಂದ, ಬೇರೆ ಬೇರೆ ನಿಮಿತ್ತಗಳಲ್ಲಿ ಮತ್ತೆ ಮತ್ತೆ ದಾಖಲಿಸುವುದು ಪುನರಾವರ್ತನೆಯಲ್ಲ; ಈ ಕಲೆಗೆ ತಕ್ಕ ಏಕೈಕ ವಿಧಾನ ಅದು. ಆಟ ಏಕೆ ಏರ್ಪಟ್ಟಿತು, ಯಾವ ಗೊಂಬೆಯ ಬದಲು ಯಾವುದು ಬಂತು, ವಿದೂಷಕ ಯಾವಾಗ ನುಗ್ಗಿದ, ಯಾರನ್ನು ಗೇಲಿ ಮಾಡಿದ ಎಂಬುದೆಲ್ಲ ಹಾಡಿನಷ್ಟೇ ಮುಖ್ಯವಾದ ಪಠ್ಯ. ರೂಪಾಂತರದ ಯೋಗ್ಯತೆಯನ್ನು ಅಳೆಯುವಾಗಲೂ ಅದು ಯಾವ ದಾರಿಯನ್ನು ಹಿಡಿಯಿತು ಎಂಬುದರ ಜೊತೆಗೆ, ಹಿಡಿಯದೆ ಬಿಟ್ಟ ದಾರಿಗಳ ನೆನಪನ್ನು ಎಷ್ಟು ಉಳಿಸಿಕೊಂಡಿತು ಎಂದು ಕೇಳಬೇಕಾಗುತ್ತದೆ.