ಪಾತ್ರಧಾರಣೆಯ ವೀಡಿಯೋ ಆಟಗಳಲ್ಲಿ ರಸವಿಘ್ನ

ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತನು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಹೇಳಿ, ಸಂಭಾವನಾವಿರಹವನ್ನು, ಎಂದರೆ ‘ಇದು ಸಂಭವಿಸಲಾರದು’ ಎಂಬ ಬುದ್ಧಿಯನ್ನು, ಮೊದಲನೆಯದಾಗಿ ಎಣಿಸಿದ್ದಾನೆ. ಆಟಗಾರನು ಒಂದು ಪಾತ್ರವನ್ನು ಧರಿಸಿ ಕಲ್ಪಿತ ಲೋಕದಲ್ಲಿ ಸಂಚರಿಸುವ ವೀಡಿಯೋ ಆಟಗಳ ವಿಮರ್ಶೆಗೂ ಈ ಮಾತು ಉಪಕರಿಸುತ್ತದೆ. ಆದರೆ ಅಲ್ಲಿ ಅಸಂಭವವೆನಿಸುವುದು ಯಾವುದು ಎಂಬುದು ವಿಚಾರಾರ್ಹ.

2011ರಲ್ಲಿ ಬಂದ ‘ಸ್ಕೈರಿಮ್’ ಆಟವನ್ನು ನೋಡೋಣ. ಅಲ್ಲಿ ಡ್ರ್ಯಾಗನ್‌ಗಳು ಆಕಾಶದಿಂದ ಬೆಂಕಿಯುಗುಳುತ್ತವೆ. ನಾಯಕನು ಕೇವಲ ಘೋಷದಿಂದ ಶತ್ರುವನ್ನು ಕೆಡಹುತ್ತಾನೆ. ಇದಾವುದೂ ನಮ್ಮ ತನ್ಮಯತೆಯನ್ನು ಕದಲಿಸುವುದಿಲ್ಲ. ಆದರೆ ಅಂಗಡಿಯವನ ತಲೆಗೆ ಬಕೆಟ್ಟನ್ನು ಕವುಚಿ ಸರಕನ್ನು ಕದ್ದರೆ ಅವನು ಸುಮ್ಮನೆ ನಿಂತಿರುತ್ತಾನೆ. ಮರೆಯಿಂದ ಬಂದ ಬಾಣ ಮೈಗೆ ನಾಟಿದ ಕಾವಲುಗಾರನು ಸ್ವಲ್ಪ ಹೊತ್ತು ಹುಡುಕಿ, ಯಾರೂ ಇಲ್ಲವೆಂದು ಸಮಾಧಾನಗೊಂಡು, ಮತ್ತೆ ಪಹರೆಗೆ ತೊಡಗುತ್ತಾನೆ. ಆಗ ನಮಗೆ ನಗು ಬರುತ್ತದೆ. ಕಟ್ಟಿದ ಲೋಕ ಒಡೆಯುತ್ತದೆ.

ಡ್ರ್ಯಾಗನ್ ಆ ಲೋಕದ ನಿಯಮಕ್ಕೆ ಒಳಪಟ್ಟದ್ದು. ಕಳವು ಅಪರಾಧ, ಗಾಯ ನೋವು ಎಂಬುದೂ ಅಲ್ಲಿಯ ನಿಯಮವೇ. ತಾನು ವಿಧಿಸಿದ ನಿಯಮವನ್ನು ಲೋಕವು ತಾನೇ ಮರೆತಾಗ ಸಂಭಾವನೆ ಅಳಿಯುತ್ತದೆ. ಬಕೆಟ್ಟು ಅಂಗಡಿಯವನ ದೃಷ್ಟಿಯನ್ನು ತಡೆಯುತ್ತದೆಂಬ ಲೆಕ್ಕ ಆಟಕ್ಕೆ ಗೊತ್ತು. ತಲೆಗೆ ಬಕೆಟ್ಟು ಬಿದ್ದವನು ಬೆಚ್ಚುತ್ತಾನೆಂಬುದು ಗೊತ್ತಿಲ್ಲ. ಅವನಿಗೆ ಕಣ್ಣುಂಟು, ಮನಸ್ಸಿಲ್ಲ. ಕೈಗೆ ಸಿಕ್ಕ ವಸ್ತುವನ್ನು ಎತ್ತಿಡುವ ಸ್ವಾತಂತ್ರ್ಯವನ್ನು ಆಟಗಾರನಿಗೆ ಕೊಟ್ಟ ಔದಾರ್ಯದಿಂದಲೇ ಈ ದೋಷ ಹುಟ್ಟಿತೆಂಬುದನ್ನೂ ನ್ಯಾಯವಾಗಿ ಹೇಳಬೇಕು.

ರಂಗದ ಮೇಲೆ ನಟನ ಮೀಸೆ ಜಾರಿದರೆ ಪ್ರೇಕ್ಷಕನು ಕ್ಷಮಿಸಿ ಮುಂದಿನ ಮಾತಿಗೆ ಕಿವಿಗೊಡುತ್ತಾನೆ. ಆಟಗಾರನಾದರೋ ಸಹೃದಯನೂ ಹೌದು, ನಟನೂ ಹೌದು. ತಾನು ಮಾಡಿದ ಕಾರ್ಯಕ್ಕೆ ಎದುರಿನವನು ಓಗೊಡದಿದ್ದರೆ ಭಂಗವಾಗುವುದು ಅವನ ಕರ್ತೃತ್ವಕ್ಕೆ.

ಇದು ಯಂತ್ರದ ಕೊರತೆ, ಚಿತ್ರಗಳು ಉತ್ತಮಗೊಂಡಂತೆ ನೀಗುವುದು ಎನ್ನಬಹುದು. 2015ರ ‘ಅಂಡರ್‌ಟೇಲ್’ ಆಟ ಈ ವಾದಕ್ಕೆ ಉತ್ತರ. ಅದರ ಚಿತ್ರಗಳು ಚೌಕ ಚುಕ್ಕೆಗಳಿಂದಾದ ಸರಳ ರೇಖಾಕೃತಿಗಳು. ಆದರೆ ತನ್ನನ್ನು ಸಲಹಿದ ಟೋರಿಯೆಲ್‌ಳನ್ನು ಕೊಂದ ಆಟಗಾರನು ಪಶ್ಚಾತ್ತಾಪದಿಂದ ಹಿಂದಿನ ಘಟ್ಟಕ್ಕೆ ಮರಳಿ ಅವಳನ್ನು ಉಳಿಸಿದರೂ, ಅಳಿಸಿಹೋಯಿತೆಂದುಕೊಂಡ ಆ ಕೊಲೆಯನ್ನು ಇನ್ನೊಂದು ಪಾತ್ರವು ಎತ್ತಿ ಆಡುತ್ತದೆ. ಅಲ್ಲಿ ನಗು ಬಾರದು, ಎದೆ ಝಲ್ಲೆನ್ನುತ್ತದೆ.

ಆದುದರಿಂದ ದೋಷದ ಗಾತ್ರವನ್ನು ವಿಮರ್ಶಕನು ಅಳೆಯಬೇಕಾದುದಿಲ್ಲ. ಆಟಗಾರನ ಕೃತ್ಯಕ್ಕೆ ಆ ಲೋಕವು ಸಾಕ್ಷಿಯಾಯಿತೇ ಎಂದು ಕೇಳಿದರೆ ಸಾಕು.